ಸ್ಯಾಂಪಲ್ ಮನೆಗೆ ಬಂದ ಗಿರಣಿ ಭಾವ

ಇದು ನಡೆದದ್ದೇ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆಯ ಮೇಲೆ ಗೂಡ್ಸ್ ಗಾಡಿ ಹರಿಯಲಿ. ಅದೂ ಸಿಗ್ನಲ್ ಸಿಗದೆ ಅಲ್ಲೇ ನಿಂತುಬಿಡಲಿ. ಅಲ್ಲೊಂದು ಇಲ್ಲೊಂದು ಕಡೆ ನಾನು ಉಪ್ಪು ಖಾರ ಹಾಕಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಉಪ್ಪು ಖಾರ ಹಾಕಬೇಕಾದರೆ ಒಲೆಯ ಮೇಲೆ ಏನಾದರೂ ಬೇಯುತ್ತಿರಲೇಬೇಕಲ್ಲ?

ಒಂದು ಊರಿನ ರೈಲ್ವೆ ಸ್ಟೇಷನ್ ಬಾಗಿಲಲ್ಲಿ ಒಬ್ಬ ಬೀಗ ರಿಪೇರಿಯವನು ಕೂರುತ್ತಿದ್ದ. ಅಂಗಡಿ ಎಂದರೆ ಒಂದು ಮರದ ಪೆಟ್ಟಿಗೆ, ಮೇಲೆ ಒಂದು ಕೊಡೆ, ಪಕ್ಕದಲ್ಲಿ ತಂತಿಗೆ ಪೋಣಿಸಿದ ಹಳೇ ಕೀಲಿಗಳ ಗೊಂಚಲು, ಅಷ್ಟೇ. ಊರಿಗೆಲ್ಲ ಅವನು ಕೀಲಿ ಮಾಮ. ಯಾವ ಬೀಗ ಕೊಟ್ಟರೂ ತೆಗೆದುಕೊಡುತ್ತಿದ್ದ. ತನ್ನ ಬಾಯಿಗೆ ಬೀಗ ಹಾಕುವುದೊಂದು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಸ್ಟೇಷನ್ ಮಾಸ್ತರರ ಬೀರುವಿಗೆ ಕೀಲಿ ಮಾಡಿಕೊಟ್ಟನೆನ್ನಿ, ಸಂಜೆಯ ಹೊತ್ತಿಗೆ "ಸ್ಟೇಷನ್ನು ನಡೀತಿರೋದೇ ನನ್ನಿಂದ" ಎಂದು ಹೇಳಿಕೊಂಡು ತಿರುಗುತ್ತಿದ್ದ. ದೊಡ್ಡ ಸುಳ್ಳು ಹೇಳುವವನಲ್ಲ. ನಿಜವನ್ನೇ ಹೇಳುತ್ತಿದ್ದ, ಸ್ವಲ್ಪ ಗಾಳಿ ಹಾಕಿ.

ಅವನ ಮನೆ ಸ್ಟೇಷನ್ ಹಿಂದಿನ ಓಣಿಯಲ್ಲಿ, ಸೈಕಲ್ ಸ್ಟ್ಯಾಂಡಿನ ಅಟ್ಟದ ಮೇಲೆ. ಎರಡು ಕೋಣೆ, ಒಂದು ತೊಲೆ. ಆ ತೊಲೆ ಎಷ್ಟು ತಗ್ಗಿನಲ್ಲಿತ್ತೆಂದರೆ ಮನೆಯವರೆಲ್ಲ ಅದರ ಕೆಳಗೆ ಬಂದಾಗ ಮಾತು ನಿಲ್ಲಿಸಿ, ತಲೆ ಬಗ್ಗಿಸಿ, ಆಚೆ ಹೋಗಿ ಮಾತು ಮುಂದುವರಿಸುತ್ತಿದ್ದರು. ಮನೆಯಲ್ಲಿ ಅವನು, ಅವನ ಹೆಂಡತಿ, ಹೆಂಡತಿಯ ತಾಯಿ. ಮೂವರೂ ಸುಖವಾಗಿದ್ದರು. ಸುಖಕ್ಕೆ ಒಂದೇ ಅಡ್ಡಿ, ಹೆಂಡತಿಯ ಅಣ್ಣ.

ಈ ಅಣ್ಣನಿಗೆ ಪಕ್ಕದ ಊರಿನಲ್ಲಿ ಹಿಟ್ಟಿನ ಗಿರಣಿ ಇತ್ತು. ಓಣಿಯವರು ಅವರನ್ನು ಗಿರಣಿ ಭಾವ ಎನ್ನುತ್ತಿದ್ದರು. ಎತ್ತರದ ಆಳು. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವರ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ಕಿವಿಯಲ್ಲಿ ಗುಟ್ಟು ಹೇಳಿದರೂ ಪ್ಲಾಟ್‌ಫಾರಂ ಮೇಲಿನವರು ತಿರುಗಿ ನೋಡುತ್ತಿದ್ದರು. ಕೊಂಕು ತೆಗೆಯುವುದು ಅವರಿಗೆ ಉಸಿರಾಟವಿದ್ದ ಹಾಗೆ. ನೀರು ಕೊಟ್ಟರೆ ಲೋಟ ನೋಡುತ್ತಿದ್ದರು, ಲೋಟ ಸರಿಯಾಗಿದ್ದರೆ ಕೊಟ್ಟ ಕೈ ನೋಡುತ್ತಿದ್ದರು.

ಪ್ರತಿ ಸಲ ಬಂದಾಗಲೂ ಆ ತೊಲೆ ಅವರ ಹಣೆಗೆ ತಪ್ಪದೆ ಬಡಿಯುತ್ತಿತ್ತು. ಒಂದು ಸಲ ಬಡಿದದ್ದು ಜೋರಾಗಿತ್ತು. ಹಣೆ ಉಜ್ಜಿಕೊಳ್ಳುತ್ತ ಅವರು ತೀರ್ಪು ಕೊಟ್ಟರು.

"ಇದು ಮನೆಯೇನಯ್ಯಾ? ಪಾರಿವಾಳ ಬಂದ್ರೂ ಬಗ್ಗಿ ಬರಬೇಕು. ನಮ್ಮಮ್ಮ ನೆಟ್ಟಗೆ ನಿಂತು ಎಷ್ಟು ಕಾಲ ಆಯ್ತು ನೋಡು!"

"ನಾನು ಬಗ್ಗಿರೋದು ವಯಸ್ಸಿಗೆ ಕಣೋ," ಎಂದಳು ಅತ್ತೆ ಮೂಲೆಯಿಂದ. "ಸೂರಿಗಲ್ಲ."

"ನೀನು ಸುಮ್ನಿರಮ್ಮ. ಕೇಳಯ್ಯಾ, ಈ ಬೇಸಿಗೆ ಕಳೆಯೋದ್ರೊಳಗೆ ಮನುಷ್ಯರು ನಿಲ್ಲೋ ಅಂಥ ಒಂದು ಮನೆ ನೋಡ್ಕೋ. ಇಲ್ಲಾಂದ್ರೆ ಆ ಪೆಟ್ಟಿಗೆ ಮುಚ್ಚಿ ಮೂರೂ ಜನ ನಮ್ಮೂರಿಗೆ ಬನ್ನಿ. ಗಿರಣಿ ಬಾಯಿಗೆ ಕಾಳು ಸುರಿಯೋಕೆ ನನಗೂ ಒಬ್ಬ ಬೇಕು. ಇಡೀ ದಿನ ನನ್ನ ಕಣ್ಣೆದುರಿಗೇ ಇರ್ತೀಯ."

ಆ ಕೊನೆಯ ಮಾತು ಕೇಳಿ ಕೀಲಿ ಮಾಮ ಮೂಗು ಮುಚ್ಚಿಕೊಂಡ. ಅವನಿಗೆ ಹಿಟ್ಟಿನ ಧೂಳು ಆಗುತ್ತಿರಲಿಲ್ಲ. ಹಿಂದೊಮ್ಮೆ ಆ ಗಿರಣಿಯೊಳಗೆ ಕಾಲಿಟ್ಟು ಒಂದು ಸೀನು ಸೀನಿದ್ದಕ್ಕೆ, ಒಬ್ಬರ ಮನೆಯ ಹಿಟ್ಟೆಲ್ಲ ಎದ್ದು ಇನ್ನೊಬ್ಬರ ತಲೆಯ ಮೇಲೆ ಕೂತಿತ್ತು. ಅದೂ ಭಾವನ ಎದುರಿಗೆ. ಆ ಬೈಗುಳವನ್ನು ನೆನೆದರೆ ಅವನಿಗೆ ಈಗಲೂ ಸೀನು ಬರುತ್ತಿತ್ತು.

ಅತ್ತೆಗೂ ಮಗನ ಮನೆ ಬೇಡ. "ಅಲ್ಲಿ ನಾನು ಒಂದು ತುತ್ತು ಜಾಸ್ತಿ ತಿಂದ್ರೆ ತಕ್ಕಡಿಗೆ ಗೊತ್ತಾಗುತ್ತೆ," ಎನ್ನುತ್ತಿದ್ದಳು.

ಇಂಥ ಹೊತ್ತಿನಲ್ಲೇ ಸ್ಟೇಷನ್ ಪಕ್ಕದ ಹಳೇ ಗೂಡ್ಸ್ ಯಾರ್ಡಿನ ಖಾಲಿ ಜಾಗದಲ್ಲಿ ಮನೆಗಳ ಸಾಲು ಕಟ್ಟಬೇಕೆಂದು ಸರ್ಕಾರಕ್ಕೆ ಹೊಳೆಯಿತು. ರೈಲಿಳಿದರೆ ಮನೆ, ಮನೆ ಬಿಟ್ಟರೆ ರೈಲು. ಓಣಿಯವರಿಗೇ ಮೊದಲು ಕೊಡುತ್ತೇವೆ ಎಂದರು. ಅದಕ್ಕೆಂದು ತಲೆಗೆ ಹಳದಿ ಟೊಪ್ಪಿ, ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ ಇಟ್ಟುಕೊಂಡು ಒಬ್ಬರು ಮೇಡಂ ಬಂದರು. ಓಣಿ ಅವರಿಗೆ ಪ್ಲಾನ್ ಮೇಡಂ ಎಂದು ಹೆಸರಿಟ್ಟಿತು.

ಪ್ಲಾನ್ ಮೇಡಂ ಒಳ್ಳೆಯ ಹೆಂಗಸು. ನಕ್ಷೆಯನ್ನು ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, "ನೋಡಿ, ಇದು ನಿಮ್ಮ ಮನೆ. ಏನಾದ್ರೂ ಕೊರತೆ ಇದ್ರೆ ಈಗಲೇ ಹೇಳಿ" ಎಂದು ಬೇಡಿಕೊಂಡರು. ಓಣಿಯವರು ನಕ್ಷೆಯನ್ನು ತಲೆಕೆಳಗಾಗಿ ನೋಡಿ, "ಚೆನ್ನಾಗಿದೆ ಮೇಡಂ" ಎಂದರು. ಅವರ ಲೆಕ್ಕಾಚಾರವೇ ಬೇರೆ. ಬಾಯಿ ಬಿಟ್ಟು ಕೊರತೆ ಹೇಳಿದವನ ಮನೆ ಇನ್ನೊಬ್ಬನ ಪಾಲಾದರೆ? ಬಟ್ಟೆ ಇಸ್ತ್ರಿ ಮಾಡುವ ಅಕ್ಕ, ಅಂದರೆ ಇಡೀ ಓಣಿಯ ಸುದ್ದಿಯನ್ನೂ ಗರಿಗರಿ ಮಾಡಿ ಮಡಿಸಿಡುವ ಇಸ್ತ್ರಿ ಅಕ್ಕ, ಎಲ್ಲರ ಪರವಾಗಿ ಹೇಳಿದಳು: "ಬಾಗಿಲು ಇಲ್ದೇ ಇದ್ರೂ ಚೆನ್ನಾಗಿದೆ ಮೇಡಂ. ಕೊಡಿ ಸಾಕು."

"ಹೀಗಂದ್ರೆ ಆಗಲ್ಲಮ್ಮ. ಇರೋರು ನೀವು. ನೀವು ಬಾಯಿ ಬಿಡೋವರೆಗೂ ನಮ್ಮ ದೊಡ್ಡ ಸಾಹೇಬ್ರು ಒಪ್ಪಿಗೆ ಕೊಡಲ್ಲ ಅಂದಿದಾರೆ."

"ಅವರೂ ಚೆನ್ನಾಗಿದಾರೆ ಮೇಡಂ," ಎಂದಳು ಇಸ್ತ್ರಿ ಅಕ್ಕ.

ನಕ್ಷೆ ಅರ್ಥವಾಗದಿದ್ದರೆ ಮನೆಯನ್ನೇ ತೋರಿಸೋಣ ಎಂದು ಪ್ಲಾನ್ ಮೇಡಂ ಯಾರ್ಡಿನ ನಡುವೆ ಒಂದು ಸ್ಯಾಂಪಲ್ ಮನೆ ಕಟ್ಟಿಸಿದರು. ಬೊಚ್ಚು ಬಾಯಲ್ಲಿ ಉಳಿದ ಒಂದೇ ಹಲ್ಲಿನ ಹಾಗೆ ಅದು ಒಂಟಿಯಾಗಿ ನಿಂತಿತ್ತು. ಗೋಡೆ ನಿಜ, ಬಾಗಿಲು ನಿಜ, ಕಿಟಕಿ ನಿಜ. ಒಳಗಿನದ್ದೆಲ್ಲ ನೋಟಕ್ಕೆ. ಟೀವಿ ರಟ್ಟಿನದು. ಬುಟ್ಟಿಯ ಹಣ್ಣು ಸುಣ್ಣದ ಗಾರೆಯದು. ಕಪಾಟಿನ ಪುಸ್ತಕಗಳಿಗೆ ಬೆನ್ನು ಮಾತ್ರ, ಹೊಟ್ಟೆ ಇಲ್ಲ. ನಲ್ಲಿ ಇತ್ತು, ಅದರ ಹಿಂದೆ ಪೈಪಿರಲಿಲ್ಲ. ಹೊರಗಡೆ ಮಹಡಿಗೆ ಹೋಗುವ ಮೆಟ್ಟಿಲು ಠೀವಿಯಿಂದ ಮೇಲೇರಿ, ಮಹಡಿ ಕಾಣದೆ ಆಕಾಶದಲ್ಲಿ ಪೆಚ್ಚಾಗಿ ನಿಂತಿತ್ತು. ಎಲ್ಲ ವಸ್ತುಗಳ ಮೇಲೂ "ಮುಟ್ಟಬಾರದು" ಎಂಬ ಪಟ್ಟಿ. ಓಣಿಯವರು ಚಪ್ಪಲಿ ಬಿಟ್ಟು, ಕೈ ಕಟ್ಟಿಕೊಂಡು ಒಳಗೆ ಹೋಗಿ, ಹೊರಗೆ ಬಂದು "ಚೆನ್ನಾಗಿದೆ ಮೇಡಂ" ಎಂದರು.

ಒಂದು ದಿನ ಆ ಮನೆಯ ಕೀಲಿ ಒಳಗೇ ಉಳಿದು ಬಾಗಿಲು ಹಾಕಿಕೊಂಡಿತು. ಕೀಲಿ ಮಾಮ ಬಂದು ಒಂದು ತಂತಿ ಆಡಿಸಿ ತೆಗೆದುಕೊಟ್ಟ. ಪ್ಲಾನ್ ಮೇಡಂ ಖುಷಿಯಾಗಿ, "ಒಂದು ಕೀಲಿ ನಿಮ್ಮ ಹತ್ರಾನೇ ಇರ್ಲಿ. ಬೆಳಿಗ್ಗೆ ತೆಗೀರಿ, ಸಂಜೆ ಹಾಕಿ. ಸೋಮವಾರ ರಜಾ" ಎಂದರು.

ಅದೇ ಸಂಜೆ ಭಾವನ ಫೋನು ಬಂತು. ಹಿಂದೆ ಗಿರಣಿಯ ಸದ್ದು.

"ಮನೆ ನೋಡ್ಕೊಂಡೇನಯ್ಯಾ? ಬೇಸಿಗೆ ಮುಗೀತಾ ಬಂತು. ಇಲ್ಲಿ ನಿನಗೆ ಕೂರೋಕೆ ಜಾಗ ಗುಡಿಸಿ ಇಟ್ಟಿದೀನಿ."

ಕೀಲಿ ಮಾಮನ ಮೂಗು ತುರಿಸಿತು. ಕೈ ಜೇಬಿಗೆ ಹೋಯಿತು. ಜೇಬಿನಲ್ಲಿ ಹೊಚ್ಚ ಹೊಸ ಕೀಲಿ ಕೈಗೆ ಸಿಕ್ಕಿತು.

"ಭಾವ," ಎಂದ ಎದೆಯುಬ್ಬಿಸಿ, "ಸ್ಟೇಷನ್ ಪಕ್ಕದ ಹೊಸ ಮನೆ ಇದೆಯಲ್ಲ, ಅದರ ಕೀಲಿ ನನ್ನ ಜೇಬಲ್ಲೇ ಇದೆ!"

ನೋಡಿ, ಇದರಲ್ಲಿ ಸುಳ್ಳೆಲ್ಲಿದೆ? ಮನೆ ಹೊಸದು, ಇರುವುದು ಸ್ಟೇಷನ್ ಪಕ್ಕ, ಕೀಲಿ ಜೇಬಿನಲ್ಲಿ. ನ್ಯಾಯಾಧೀಶರ ಮುಂದೆ ನಿಲ್ಲಿಸಿದರೂ ಕೀಲಿ ಮಾಮ ಗೆದ್ದು ಬರುತ್ತಿದ್ದ. ಆದರೆ ಆಚೆ ಕಡೆ ಗಿರಣಿಯೇ ಒಂದು ಗಳಿಗೆ ನಿಂತ ಹಾಗಾಯಿತು.

"ಹೌದೇನಯ್ಯಾ? ನಿನ್ನ ಕೈಲೂ ಆಯ್ತಾ? ಹಾಗಾದ್ರೆ ಈ ಸೋಮವಾರ ಗಿರಣಿ ರಜಾ, ಬಂದು ನೋಡ್ತೀನಿ."

ಫೋನು ಇಟ್ಟ ಮೇಲೆ ಹೆಂಡತಿ ಸೌಟು ಹಿಡಿದೇ ಬಂದಳು.

"ರೀ, ಕೀಲಿ ಇದ್ರೆ ಮನೆ ನಮ್ದಾಗುತ್ತಾ? ಹಾಗಾದ್ರೆ ಈ ಊರಲ್ಲಿ ಅರ್ಧ ಮನೆ ನಿಮ್ದೇ. ನಡೀರಿ, ಬ್ಯಾಂಕಿಗೇ ಹೋಗಿ ಇರೋಣ."

"ಬೆಳಗಿನ ಗಾಡೀಲಿ ಬರ್ತಾರೆ, ಮಧ್ಯಾಹ್ನದ ಗಾಡೀಲಿ ಹೋಗ್ತಾರೆ ಕಣೇ. ಸೋಮವಾರ ಅಲ್ಲಿಗೆ ಒಂದು ನರಪಿಳ್ಳೆ ಬರಲ್ಲ."

"ನಾನು ಸುಳ್ಳು ಹೇಳಲ್ಲ, ಮೊದ್ಲೇ ಹೇಳ್ತಿದೀನಿ."

"ನೀನು ಏನೂ ಹೇಳ್ಬೇಡ. ಸುಮ್ನೆ ಒಲೆ ಮುಂದೆ ನಿಂತಿರು."

"ಆ ಒಲೆ ಹತ್ತಲ್ಲ!"

"ಅದಕ್ಕೇ ಹೇಳಿದ್ದು, ಬರೀ ನಿಂತಿರು ಅಂತ."

ಅತ್ತೆ ಮಾತ್ರ ಎದ್ದು ಸೀರೆ ಕೊಡವಿಕೊಂಡಳು. "ನಾನು ಬರ್ತೀನಪ್ಪ. ಆ ಮನೆ ಕುರ್ಚಿ ನೋಡಿದಾಗಿಂದ ಕೂರೋ ಆಸೆ. ಮುಟ್ಟಬಾರದು ಅಂತ ಬರೆದು ಸಾಯಿಸ್ತಿದಾರೆ."

ಸೋಮವಾರ ಬೆಳಿಗ್ಗೆ ಮೆರವಣಿಗೆ ಹೊರಟಿತು. ಮುಂದೆ ಕೀಲಿ ಮಾಮ, ತಲೆಯ ಮೇಲೆ ಎರಡು ದಿಂಬು. ಹಿಂದೆ ಹೆಂಡತಿ, ಕೈಯಲ್ಲಿ ಚಹಾದ ಫ್ಲಾಸ್ಕು, ಮುಖದಲ್ಲಿ ಗಂಟು. ಕೊನೆಯಲ್ಲಿ ಅತ್ತೆ, ಮದುವೆ ಮನೆಗೆ ಹೊರಟವಳ ಹಾಗೆ. ಇಸ್ತ್ರಿ ಅಕ್ಕನ ಮೇಜು ಓಣಿಯ ಬಾಯಲ್ಲೇ ಇತ್ತು, ಅವಳ ಕಣ್ಣು ತಪ್ಪಿಸಿ ಇರುವೆಯೂ ಹೋಗುವಂತಿರಲಿಲ್ಲ.

"ಏನು ಕೀಲಿ ಮಾಮ, ನಿಮಗೆ ಆಗಲೇ ಕೊಟ್ಬಿಟ್ರಾ?"

"ಇಲ್ಲಕ್ಕ, ಸುಮ್ನೆ ಧೂಳು ಹೊಡೆಯೋಕೆ."

"ಧೂಳು ಹೊಡೆಯೋಕೆ ದಿಂಬು ಯಾಕೆ?"

"ಸುಸ್ತಾದ್ರೆ?"

ಇಸ್ತ್ರಿ ಅಕ್ಕ ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೇ ಬಿಟ್ಟು ಓಡಿದಳು. ಅಂಗಿ ಹೊಗೆಯಾಡುವುದರೊಳಗೆ ಓಣಿಯ ಕೊನೆಯ ಮನೆಗೂ ಸುದ್ದಿ ಮುಟ್ಟಿತ್ತು: ಮನೆ ಹಂಚುತ್ತಿದ್ದಾರೆ, ಮೊದಲನೆಯದು ಕೀಲಿ ಮಾಮನಿಗೆ.

ಅತ್ತ ಗಾಡಿ ಬಂತು. ಗಿರಣಿ ಭಾವ ಇಳಿದು ನಾಲ್ಕು ಹೆಜ್ಜೆ ಇಡುವುದರೊಳಗೆ ಮನೆಯ ಬಾಗಿಲು ಸಿಕ್ಕಿತು.

"ಇಷ್ಟು ಹತ್ರನಾ?" ಎಂದರು. "ನಡೆದು ಬಂದೆ ಅಂತ ಹೇಳ್ಕೊಳ್ಳೋಕೂ ಆಗಲ್ಲ."

ಬಾಗಿಲಲ್ಲಿ ಅಭ್ಯಾಸಬಲದಿಂದ ಬಗ್ಗಿದರು. ತಲೆಗೆ ಏನೂ ತಾಗಲಿಲ್ಲ. ಮೆಲ್ಲಗೆ ನೆಟ್ಟಗಾದರು. ಆಗಲೂ ತಾಗಲಿಲ್ಲ. ಕೈ ಎತ್ತಿ ತಡವಿ ನೋಡಿ, ಏನೋ ಕಳೆದುಕೊಂಡವರ ಹಾಗೆ ಒಳಗೆ ಬಂದರು.

ಹೆಂಡತಿ ಹತ್ತದ ಒಲೆಯ ಮುಂದೆ ನಿಂತಿದ್ದಳು. ಅತ್ತೆ ಕುರ್ಚಿಯಲ್ಲಿ ಕೂತಿದ್ದಳು. ಪಟ್ಟಿಗಳನ್ನೆಲ್ಲ ತಿರುಗಿಸಿಟ್ಟಿದ್ದರು, ಆದರೆ ಅತ್ತೆಯ ತಲೆಯ ಮೇಲಿನದು ಹಾಗೇ ಉಳಿದುಬಿಟ್ಟಿತ್ತು.

"ಅಮ್ಮನ ತಲೆ ಮೇಲೆ ಮುಟ್ಟಬಾರದು ಅಂತ ಯಾಕಯ್ಯಾ ಬರೆದಿದೆ?"

"ಅತ್ತೆಗೆ ಮೈಕೈ ನೋವು ಭಾವ."

ಅತ್ತೆ ತಕ್ಷಣ "ಅಯ್ಯಮ್ಮ" ಎಂದು ನರಳಿದಳು. ಭಾವ ನಲ್ಲಿಯ ಕಡೆ ತಿರುಗಿದರು. ತಿರುಪಿದರು. ಅದು ಒಣಗಂಟಲಲ್ಲಿ ಕೀಚ್ ಎಂದಿತು.

"ನೀರೆಲ್ಲಿ?"

"ಹೊರಟಿದೆ ಭಾವ. ದಾರೀಲಿರಬೇಕು."

"ಟೀವಿ ಹಾಕು ನೋಡೋಣ."

"ಅದು ಬಹಳ ತೆಳು ಭಾವ. ಹಾಕಿದ್ರೆ ಬಿಸಿಯಾಗುತ್ತೆ."

ಭಾವ ಬುಟ್ಟಿಯಿಂದ ಒಂದು ಹಣ್ಣು ತೆಗೆದು ಒತ್ತಿದರು. ಅದು ಜಗ್ಗಲಿಲ್ಲ. ಮೇಜಿಗೆ ಕುಟ್ಟಿದರು. ಮೇಜು ಸದ್ದು ಮಾಡಿತು.

"ಅದು ಕಾಯಿ ಕಣೋ," ಎಂದಳು ಅತ್ತೆ. "ಇನ್ನೂ ಹಣ್ಣಾಗಬೇಕು."

ಭಾವ ಹಣ್ಣನ್ನು ಬುಟ್ಟಿಗೆ ಹಾಕಿ, ಹುಬ್ಬು ಗಂಟಿಕ್ಕಿ, ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ಕೀಲಿ ಮಾಮ ಕಿಟಕಿಯಿಂದ ಇಣುಕಿದ. ಹಳದಿ ಟೊಪ್ಪಿ ಕಂಡಿತು. ಅದರ ಪಕ್ಕದಲ್ಲಿ ಇನ್ನೂ ದೊಡ್ಡದೊಂದು ಹಳದಿ ಟೊಪ್ಪಿ. ಜನ ಇಲ್ಲದ ದಿನ ನೆಮ್ಮದಿಯಾಗಿ ನೋಡೋಣವೆಂದು ಪ್ಲಾನ್ ಮೇಡಂ ದೊಡ್ಡ ಸಾಹೇಬರನ್ನು ಸೋಮವಾರವೇ ಕರೆತಂದಿದ್ದರು. ಅವರ ಹಿಂದೆ ಇಡೀ ಓಣಿ. ಎಲ್ಲರಿಗಿಂತ ಮುಂದೆ ಇಸ್ತ್ರಿ ಅಕ್ಕ.

ಕೀಲಿ ಮಾಮ ಕೈಗೆ ಸಿಕ್ಕ ದಿಂಬನ್ನು ಎದೆಗೆ ಎಳೆದುಕೊಂಡ.

ಪ್ಲಾನ್ ಮೇಡಂ ಬಾಗಿಲಲ್ಲಿ ಗಕ್ಕನೆ ನಿಂತರು. ಒಲೆಯ ಮುಂದೆ ಒಬ್ಬಳು, ಕುರ್ಚಿಯಲ್ಲಿ ಒಬ್ಬಳು, ದಿಂಬು ಅವುಚಿಕೊಂಡು ಕೀಲಿಯವನು, ನಡುವೆ ಸೊಂಟದ ಮೇಲೆ ಕೈಯಿಟ್ಟ ಒಬ್ಬ ಆಜಾನುಬಾಹು. ಅವರು ಏನಾದರೂ ಹೇಳುವ ಮೊದಲೇ ದೊಡ್ಡ ಸಾಹೇಬರ ಮುಖ ಅರಳಿತು.

"ಓಹೋಹೋ! ಒಂದು ಸಂಸಾರವನ್ನೇ ಕೂರಿಸಿಬಿಟ್ಟಿದೀರಾ! ಭೇಷ್ ಮೇಡಂ! ಇದ್ದು ನೋಡಿದ್ರೆ ತಾನೆ ಮನೆ ಗೊತ್ತಾಗೋದು?"

ಪ್ಲಾನ್ ಮೇಡಂ ಬಾಯಿ ತೆರೆದು, ಯೋಚಿಸಿ, ಮುಚ್ಚಿದರು. ಬುದ್ಧಿವಂತರು.

ಗಿರಣಿ ಭಾವ ಟೊಪ್ಪಿಗಳನ್ನು ಮೇಲಿಂದ ಕೆಳಗೆ ನೋಡಿ, "ಈ ಮನೆ ಕಟ್ಟಿದೋರು ನೀವೇನಾ?" ಎಂದರು.

"ಹೌದು, ನಾವೇ," ಎಂದರು ದೊಡ್ಡ ಸಾಹೇಬರು ನಗುತ್ತ. "ಹೇಗಿದೆ?"

ಹೇಗಿದೆ ಎಂದು ಗಿರಣಿ ಭಾವನನ್ನು ಅದುವರೆಗೆ ಯಾರೂ ತಾವಾಗಿ ಕೇಳಿರಲಿಲ್ಲ. ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ಅವರ ಎದೆ ಹಿಗ್ಗಿತು, ಕಟ್ಟೆ ಒಡೆಯಿತು.

"ಹೇಗಿದೆ ಅಂತ ಕೇಳ್ತೀರಲ್ಲ ಸ್ವಾಮಿ, ನಾಚಿಕೆ ಆಗಲ್ವಾ? ಬನ್ನಿ ಈ ಕಡೆ. ಈ ಬಾಗಿಲು ತೆಗೀರಿ. ತೆಗೆದ್ರಾ? ಅಮ್ಮನ ಮಂಡಿಗೆ ತಾಗ್ತಾ? ಅಮ್ಮ, ನರಳು!"

"ಅಯ್ಯಮ್ಮ," ಎಂದಳು ಅತ್ತೆ.

"ಕೇಳಿದ್ರಾ? ಈಗ ಅಡುಗೆಮನೆಗೆ ಬನ್ನಿ. ಕಿಟಕಿ ಎಲ್ಲಿಟ್ಟಿದೀರಿ? ನನಗೆ ಸರಿ, ನಾನು ಅಡುಗೆ ಮಾಡ್ತೀನಾ? ನನ್ನ ತಂಗಿಗೆ ಆಕಾಶ ಬಿಟ್ಟು ಏನೂ ಕಾಣಲ್ಲ. ಹಾಲಿನವನು ಬಂದ್ರೆ ಹಾರಿ ಹಾರಿ ನೋಡ್ಬೇಕಾ? ಮಲಗೋ ಕೋಣೆ ರೈಲು ಹಳಿ ಕಡೆಗೆ, ಅಡುಗೆಮನೆ ಓಣಿ ಕಡೆಗೆ! ನಿದ್ದೆ ಬೇಕಾಗಿರೋದು ಮನುಷ್ಯರಿಗಾ, ಪಾತ್ರೆಗಳಿಗಾ?"

ಆ ಗಳಿಗೆಗೆ ಸರಿಯಾಗಿ ಒಂದು ಎಕ್ಸ್‌ಪ್ರೆಸ್ ಗಾಡಿ ನಿಲ್ಲದೆ ಹಾದುಹೋಯಿತು. ಮನೆ ಗಡಗಡ ಎಂದಿತು. ಬುಟ್ಟಿಯ ಹಣ್ಣುಗಳು ಒಂದೊಂದಾಗಿ ಉರುಳಿ ನೆಲಕ್ಕೆ ಬಿದ್ದು ಗುಂಡುಕಲ್ಲಿನ ಹಾಗೆ ದಡದಡನೆ ಓಡಿದವು. ಒಂದು ದೊಡ್ಡ ಸಾಹೇಬರ ಕಾಲ್ಬೆರಳ ಮೇಲೆ ನಿಂತಿತು. ರಟ್ಟಿನ ಟೀವಿ ಮುಗ್ಗರಿಸಿತು. ಗದ್ದಲದಲ್ಲಿ ಇಡೀ ಓಣಿಗೆ ಕೇಳಿಸುತ್ತಿದ್ದ ಮಾತು ಒಬ್ಬರದೇ. ಗಿರಣಿ ಭಾವನಿಗೆ ಇದು ಅಭ್ಯಾಸದ ಸದ್ದು.

"ಬಟ್ಟೆ ಎಲ್ಲಿ ಒಣಗಿಸ್ಬೇಕು? ಮಹಡಿ ಮೆಟ್ಟಿಲಲ್ಲಿ ಮುದುಕರು ಉಸಿರು ಬಿಡೋಕೆ ಒಂದು ಕಟ್ಟೆ ಬೇಡ್ವಾ? ಮಂಚ ಈ ಬಾಗಿಲಲ್ಲಿ ಒಳಗೆ ಬರುತ್ತಾ? ಇದನ್ನ ಮನೆ ಅಂತ ನನ್ನ ತಂಗಿ ತಲೆಗೆ ಕಟ್ಟಿದೀರಲ್ಲ!"

"ಸರಿ ಸರಿ, ಮುಂದೆ ಹೇಳಿ, ಮುಂದೆ ಹೇಳಿ," ಎನ್ನುತ್ತಿದ್ದರು ದೊಡ್ಡ ಸಾಹೇಬರು, ಕಾಲ್ಬೆರಳು ಹಿಡಿದುಕೊಂಡೇ. ನೋವಿಗಿಂತ ಸಂತೋಷ ದೊಡ್ಡದಿತ್ತು.

ಬಾಗಿಲಲ್ಲಿದ್ದ ಓಣಿ ಮುಖ ಮುಖ ನೋಡಿಕೊಂಡಿತು. ಒಬ್ಬ ಮನುಷ್ಯ ಸಾಹೇಬರನ್ನು ಎದುರೆದುರಿಗೆ ಬೈಯುತ್ತಿದ್ದಾನೆ, ಸಾಹೇಬರು ಇನ್ನಷ್ಟು ಬೈಸಿಕೊಳ್ಳಲು ಕೇಳುತ್ತಿದ್ದಾರೆ, ಮತ್ತು ಅವನ ಮನೆಯನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ! ಮೊದಲು ಇಸ್ತ್ರಿ ಅಕ್ಕನ ಗಂಟಲು ತೆರೆಯಿತು.

"ಸಾಹೇಬ್ರೇ, ಜಗುಲೀಲಿ ಒಂದು ಕರೆಂಟ್ ಪಾಯಿಂಟ್ ಇಲ್ಲ! ನಾನು ಇಸ್ತ್ರಿ ಹೇಗೆ ಮಾಡ್ಲಿ?"

ಆಮೇಲೆ ನೋಡಬೇಕಿತ್ತು. ಸೈಕಲ್ ಇಡಲು ಜಾಗವಿಲ್ಲ, ಬಚ್ಚಲ ನೀರು ಬಾಗಿಲಿಗೆ ಬರುತ್ತದೆ, ಕಪಾಟು ಎಟಕುವುದಿಲ್ಲ ಎಂದು ಓಣಿಗೆ ಓಣಿಯೇ ನುಗ್ಗಿತು. "ಚೆನ್ನಾಗಿದೆ ಮೇಡಂ" ಎಂದಿದ್ದ ಬಾಯಿಗಳೆಲ್ಲ ಒಟ್ಟಿಗೆ ತೆರೆದಿದ್ದವು. ಪ್ಲಾನ್ ಮೇಡಂ ಬರೆದುಕೊಳ್ಳುವ ಭರದಲ್ಲಿ ಕಾಗದ ಮುಗಿದು ರಟ್ಟಿನ ಟೀವಿಯ ಬೆನ್ನಿನ ಮೇಲೆ ಬರೆಯತೊಡಗಿದರು. ಅವರ ಕಣ್ಣಲ್ಲಿ ನೀರಿತ್ತು.

ಎಲ್ಲ ಮುಗಿದ ಮೇಲೆ ದೊಡ್ಡ ಸಾಹೇಬರು ಗಿರಣಿ ಭಾವನ ಕೈ ಹಿಡಿದರು. "ಬಹಳ ಉಪಕಾರ ಆಯ್ತು. ಈ ಸ್ಯಾಂಪಲ್ ಮನೆ ಕೆಡವಿಸಿ, ನೀವು ಹೇಳಿದ ಹಾಗೇ ಎಲ್ಲ ಕಟ್ಟಿಸ್ತೀನಿ."

"ಕೆಡವಿಸ್ತೀರಾ?" ಭಾವನ ಕಣ್ಣು ಅಗಲವಾಯಿತು. "ನನ್ನ ತಂಗಿ ಮನೇನಾ?"

ಎಲ್ಲರೂ ಕೀಲಿ ಮಾಮನ ಕಡೆ ನೋಡಿದರು. ಕೀಲಿ ಮಾಮ ದಿಂಬಿನ ಕಡೆ ನೋಡಿದ.

ಒಲೆಯ ಮುಂದಿನಿಂದ ಹೆಂಡತಿ ಬಂದಳು. "ಅಣ್ಣಾ, ಇದು ನಮ್ಮನೆ ಅಲ್ಲ. ಯಾರ ಮನೇನೂ ಅಲ್ಲ. ಜನಕ್ಕೆ ತೋರಿಸೋಕೆ ಕಟ್ಟಿರೋದು. ನಾವು ಇನ್ನೂ ಅಟ್ಟದಲ್ಲೇ ಇದೀವಿ."

"ಕೀಲಿ ಮಾತ್ರ ನಿಜ ಭಾವ," ಎಂದ ಕೀಲಿ ಮಾಮ, ದಿಂಬಿನ ಹಿಂದಿನಿಂದ.

ಭಾವನ ಮುಖ ಕೆಂಪಾಯಿತು, ಆಮೇಲೆ ಇನ್ನೂ ಕೆಂಪಾಯಿತು. "ನಡೀರಿ ಗಿರಣಿಗೆ," ಎಂದರು. ಜೀವನದಲ್ಲಿ ಮೊದಲ ಸಲ ಮೆತ್ತಗೆ ಹೇಳಿದರು. ಕೀಲಿ ಮಾಮನಿಗೆ ಅದೇ ಹೆಚ್ಚು ಭಯವಾಯಿತು. "ಈಗಲೇ. ಮಧ್ಯಾಹ್ನದ ಗಾಡೀಗೆ."

ಹೆಂಡತಿ ಫ್ಲಾಸ್ಕು ಎತ್ತಿಕೊಂಡಳು. ಅತ್ತೆ ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡಳು. ಕೀಲಿ ಮಾಮ ಒಂದು ಸೀನು ಸೀನಿದ, ಮುಂಗಡವಾಗಿ.

ಆಗ ಪ್ಲಾನ್ ಮೇಡಂ ಅಡ್ಡ ಬಂದರು. "ಅವರು ಬೇಕಾದ್ರೆ ಹೋಗ್ಲಿ ಸಾರ್. ನೀವು ಹೋಗೋ ಹಾಗಿಲ್ಲ. ಇಷ್ಟು ತಿಂಗಳು ಬೇಡಿಕೊಂಡ್ರೂ ಒಬ್ಬರು ಬಾಯಿ ಬಿಟ್ಟಿರ್ಲಿಲ್ಲ. ನಿಜವಾದ ಮನೆ ಕಟ್ಟೋವಾಗ ತಪ್ಪು ಹುಡುಕೋಕೆ ನಿಮ್ಮಂಥೋರು ಬೇಡ್ವಾ?"

"ವಾರಕ್ಕೊಂದ್ಸಲ ಬಂದು ನಮಗೆ ಬೈತೀರಾ?" ಎಂದರು ದೊಡ್ಡ ಸಾಹೇಬರು ಕೈ ಮುಗಿದು. ತಮ್ಮ ತಲೆಯ ದೊಡ್ಡ ಹಳದಿ ಟೊಪ್ಪಿಯನ್ನು ತೆಗೆದು ಭಾವನ ತಲೆಗೆ ಇಟ್ಟರು.

ಹೋದಲ್ಲಿ ಬಂದಲ್ಲಿ ಬೈದುಕೊಂಡೇ ಬಂದ ಮನುಷ್ಯನಿಗೆ, ದಯವಿಟ್ಟು ಬೈಯಿರಿ ಎಂದು ಸರ್ಕಾರವೇ ಕೇಳಿದರೆ ಹೇಗಾಗಬೇಡ? ಭಾವ ಟೊಪ್ಪಿಯನ್ನು ಓರೆ ಮಾಡಿ ನೋಡಿದರು. "ಬಿಗಿ," ಎಂದರು. ಆಮೇಲೆ ಗಂಟಲು ಸರಿ ಮಾಡಿಕೊಂಡು, "ಸೋಮವಾರ ಗಿರಣಿ ರಜಾ. ನೋಡೋಣ" ಎಂದರು. ಕೀಲಿ ಮಾಮನ ಕಡೆ ಬೆರಳು ತೋರಿಸಿದರು. "ನೀನು ತಪ್ಪಿಸ್ಕೊಂಡೆ ಅಂದ್ಕೋಬೇಡ. ಮನೆ ಎದ್ದು ನಿಲ್ಲಲಿ. ಅದರೊಳಗೆ ನಿಂತು ನಿನ್ನ ತೀರ್ಮಾನ ಹೇಳ್ತೀನಿ. ಅಲ್ಲಿವರೆಗೂ ಗಿರಣಿ ಮಾತು ಹಾಗೇ ಇರ್ಲಿ."

ಮನೆಗಳು ಏಳತೊಡಗಿದವು. ಸೋಮವಾರ ಬಂತೆಂದರೆ ಗಾರೆ ಕೆಲಸದವರು ಭಾನುವಾರವೇ ಗೋಡೆಗಳನ್ನು ನೆಟ್ಟಗೆ ಮಾಡಿಟ್ಟುಕೊಳ್ಳುತ್ತಿದ್ದರು. ಗಿರಣಿ ಭಾವ ಹಳದಿ ಟೊಪ್ಪಿ ಹಾಕಿಕೊಂಡು ಇಟ್ಟಿಗೆಗೆ ಕಿವಿಗೊಟ್ಟು ತಟ್ಟುತ್ತಿದ್ದರು. ಸಿಮೆಂಟನ್ನು ಬೆರಳಲ್ಲಿ ಉಜ್ಜಿ, "ನುಣ್ಣಗಾಗಿಲ್ಲ, ಇನ್ನೊಂದ್ಸಲ ಬೀಸು" ಎನ್ನುತ್ತಿದ್ದರು. ಅವರು ಆ ಕಡೆ ಕೆಮ್ಮಿದರೆ ಈ ಕಡೆ ಕಟ್ಟಿದ ಗೋಡೆ ತಾನಾಗಿ ಒಂದು ಬೆರಳು ಸರಿದು ನಿಂತದ್ದನ್ನು ನೋಡಿದವರಿದ್ದಾರೆ. ಸಂಜೆ ಅಟ್ಟಕ್ಕೆ ಬಂದು ಚಹಾ ಕುಡಿದು, ಬೈದು, ಹೋಗುತ್ತಿದ್ದರು. ಟೊಪ್ಪಿಯಿದ್ದುದರಿಂದ ತೊಲೆ ಏನೂ ಮಾಡಲಾಗಲಿಲ್ಲ.

ಕೊನೆಗೆ ಮನೆ ಆಯಿತು. ಓಣಿಯವರಿಗೆಲ್ಲ ಒಂದೊಂದು. ಕೀಲಿ ಮಾಮನಿಗೆ ನೆಲಮಹಡಿಯದೇ ಸಿಕ್ಕಿತು. ಸಾಮಾನು ಇಳಿಸಿ ಮುಗಿದ ಮೊದಲ ಸೋಮವಾರ ಗಿರಣಿ ಭಾವ ತೀರ್ಮಾನ ಹೇಳಲು ಬಂದರು. ಆ ಬೆಳಿಗ್ಗೆ ಕೀಲಿ ಮಾಮ ಎದ್ದವನೇ ಎಲ್ಲ ಬಾಗಿಲುಗಳನ್ನೂ ಎರಡೆರಡು ಸಲ ತೆಗೆದು ಹಾಕಿ ನೋಡಿದ್ದ.

ಭಾವ ಬಾಗಿಲು ತೆಗೆದರು. ಅದು ಯಾರ ಮಂಡಿಗೂ ತಾಗಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ತಂಗಿಯ ಮುಖಕ್ಕೆ ಸರಿಯಾಗಿ ಬೀದಿ ಕಂಡಿತು. ನಲ್ಲಿ ತಿರುಪಿದರು, ನೀರು ಬಂತು. ಇನ್ನೂ ತಿರುಪಿದರು, ಇನ್ನೂ ಬಂತು. ಎಕ್ಸ್‌ಪ್ರೆಸ್ ಗಾಡಿ ಹಾದುಹೋಯಿತು; ಅಡುಗೆಮನೆಯ ಪಾತ್ರೆಗಳು ಸ್ವಲ್ಪ ಟಿಣ್ ಎಂದವು, ಮಲಗುವ ಕೋಣೆಯಲ್ಲಿ ಅತ್ತೆಯ ಗೊರಕೆ ತುಂಡಾಗಲಿಲ್ಲ. ಗೋಡೆ ತಟ್ಟಿದರು. ನೆಲಕ್ಕೆ ಕೆನ್ನೆ ಹಚ್ಚಿ ನೋಡಿದರು. ಕಪಾಟಿನೊಳಗೆ ತಲೆ ಹಾಕಿದರು. ಒಂದೊಂದು ಕೋಣೆಯಿಂದ ಹೊರಬರುವಾಗಲೂ ಅವರು ಒಂದಿಷ್ಟು ಕುಳ್ಳಗಾದ ಹಾಗೆ ಕಂಡರು.

"ಏನೂ ಇಲ್ಲ," ಎಂದು ಬಂದು ಮೇಜಿನ ಮುಂದೆ ಕೂತರು. ದನಿಯೇ ಇರಲಿಲ್ಲ.

"ಅಂದ್ರೆ ಗಿರಣಿ ಮಾತು..." ಎಂದ ಕೀಲಿ ಮಾಮ.

ಭಾವ ಅವನ ಕಡೆ ನೋಡಲಿಲ್ಲ. "ಗಿರಣೀಲಿ ದಿನವಿಡೀ ಸದ್ದು ಕಣಯ್ಯಾ. ಎಷ್ಟು ಬೈದ್ರೂ ಯಾರಿಗೂ ಕೇಳ್ಸಲ್ಲ. ಇಲ್ಲಿಗೆ ಬಂದ್ರೆ ಒಂದು ಮಾತಾಡೋಕೆ ಆಗ್ತಿತ್ತು. ಇನ್ನು ಇಲ್ಲಿ ನನಗೇನಿದೆ ಕೆಲಸ? ಮನೆ ಸರಿಯಾಗಿದೆ. ಆದ್ರೂ ಅದನ್ನ ಯಾರಿಗಾದ್ರೂ ಬಿಟ್ಟು, ನೀವು ಅಲ್ಲಿಗೇ ಬಂದ್ಬಿಡಿ. ಅಮ್ಮಾನೂ ಬರ್ಲಿ. ಹೇಳೋದು ಹೇಳಿದೀನಿ."

ಅವರು ಬೈದು ಹೇಳಿದ್ದರೆ ಕೀಲಿ ಮಾಮ ಏನಾದರೂ ನೆಪ ಹೂಡುತ್ತಿದ್ದ. ಬೇಡುವವರ ಮುಂದೆ ನೆಪ ಹೂಡುವುದು ಹೇಗೆ? ಹೆಂಡತಿ ಚಹಾದ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಅವಳ ಕಣ್ಣು ತುಂಬಿತ್ತು. ಕೀಲಿ ಮಾಮ "ಸರಿ ಭಾವ" ಎನ್ನಲು ಅರ್ಧ ಬಾಯಿ ತೆರೆದೂ ಆಗಿತ್ತು.

ಅಷ್ಟರಲ್ಲಿ ಕೋಣೆಯಿಂದ ಅತ್ತೆ ಎದ್ದು ಬಂದಳು. ಮಗನ ಮುಖ ನೋಡಿದಳು. ಏನೋ ಬಿತ್ತೆಂಬಂತೆ ಮೇಜಿನ ಕೆಳಗೆ ಬಗ್ಗಿದಳು. ಮೇಜಿನ ಒಂದು ಕಾಲಿನ ಕೆಳಗೆ ಮಡಿಸಿಟ್ಟಿದ್ದ ರಟ್ಟಿನ ಚೂರನ್ನು ಎಳೆದು ಸೆರಗಿಗೆ ಸೇರಿಸಿಕೊಂಡಳು. "ಲೋಟ ಇಡೇ ಮಗಳೇ, ಅಣ್ಣನಿಗೆ ಚಹಾ ಆರುತ್ತೆ," ಎಂದಳು.

ಲೋಟ ಇಟ್ಟಿದ್ದೇ ತಡ, ಮೇಜು ಢಬಕ್ ಎಂದು ಒಂದು ಕಡೆ ವಾಲಿತು. ಚಹಾ ಜಾರಿ, ಹರಿದು, ಗಿರಣಿ ಭಾವನ ತೊಡೆಯ ಮೇಲೆ ಇಳಿಯಿತು.

ಭಾವ ಎದ್ದು ನಿಂತರು. ಮೇಜನ್ನು ಒಂದು ಬೆರಳಿನಿಂದ ಒತ್ತಿದರು. ಅದು ಆ ಕಡೆ ವಾಲಿತು. ಬೆರಳು ತೆಗೆದರು. ಈ ಕಡೆ ವಾಲಿತು. ಅವರ ಮುಖದಲ್ಲಿ ಮೆಲ್ಲಗೆ ಬೆಳಕು ಹತ್ತಿತು. ಕುಳ್ಳಗಾದವರು ಮತ್ತೆ ಎತ್ತರವಾದರು.

"ಇದೇನಯ್ಯಾ ಇದು!" ಪ್ಲಾಟ್‌ಫಾರಂ ಮೇಲೆ ಒಂದು ಹಿಂಡು ಪ್ರಯಾಣಿಕರು ತಿರುಗಿ ನೋಡಿದರು. "ಇಂಥಾ ಮನೇಲಿ ಇಂಥಾ ಮೇಜು! ಒಂದು ಮೇಜು ನೆಟ್ಟಗೆ ನಿಲ್ಲಿಸೋಕೆ ಬರದವನನ್ನ ನಾನು ಗಿರಣಿಗೆ ಸೇರಿಸ್ಕೊಳ್ಳೋದಾ? ಇರೋ ಗಿರಣೀನೂ ವಾಲಿಸಿಬಿಡ್ತೀಯ! ಬೇಡ ಮಾರಾಯ, ಬೇಡ! ನೀನು ಇಲ್ಲೇ ಬಿದ್ದಿರು. ನಾನೇ ಸೋಮವಾರ ಸೋಮವಾರ ಬಂದು ನೋಡ್ಕೋತೀನಿ. ಬರದೇ ಇದ್ರೆ ನೀನು ಈ ಮನೇನೇ ಬೀಳಿಸ್ತೀಯ!"

"ತಪ್ಪಾಯ್ತು ಭಾವ," ಎಂದ ಕೀಲಿ ಮಾಮ. ಅಷ್ಟು ಸಂತೋಷದಿಂದ ತಪ್ಪೊಪ್ಪಿಕೊಂಡವನನ್ನು ಆ ಸ್ಟೇಷನ್ನು ಅದುವರೆಗೆ ಕಂಡಿರಲಿಲ್ಲ.

ಭಾವ ಇನ್ನೂ ಬೈಯುತ್ತಲೇ ಇದ್ದರು. ಹೆಂಡತಿ ಸೆರಗಿನಲ್ಲಿ ನಗು ಒರೆಸಿಕೊಂಡು ಇನ್ನೊಂದು ಲೋಟ ಚಹಾ ತರಲು ಹೋದಳು. ಕೀಲಿ ಮಾಮ ಅತ್ತೆಯ ಕಡೆ ವಾಲಿ, "ಅತ್ತೆ, ನೀವು ಆ ರಟ್ಟು..." ಎಂದ.

"ಶ್‌," ಎಂದಳು ಅತ್ತೆ. "ಮಗು ಹಸಿದಿತ್ತು ಕಣಪ್ಪ. ಬಡಿಸಿದೆ."

ಇಷ್ಟೇ ನಡೆದದ್ದು. ಆ ಊರಿನ ಮನೆಗಳಂತೂ ಎದ್ದು ನಿಂತವು. ಈಗ ಕಷ್ಟ ನಮಗೆ. ನಮ್ಮ ಸ್ಟೇಷನ್ ಹತ್ತಿರವೂ ಮನೆ ಕಟ್ಟುತ್ತಾರಂತೆ, ನಮ್ಮವರೋ ಬಾಯಿ ಬಿಡುವ ಜಾತಿಯಲ್ಲ. ನಿಮ್ಮ ನೆಂಟರಲ್ಲಿ ಎಲ್ಲದಕ್ಕೂ ಮೂಗು ಮುರಿಯುವವರು ಒಬ್ಬರಾದರೂ ಇರಲೇಬೇಕು, ನಾಳೆ ಬೆಳಗಿನ ಗಾಡಿಗೆ ಹತ್ತಿಸಿ ಕಳಿಸಿ. ಯಾರೂ ಇಲ್ಲವೆನ್ನುತ್ತೀರಾ? ಹಾಗಾದರೆ ಆಗಿನಿಂದ ನನ್ನ ಕಥೆ ಕೇಳುತ್ತ "ಗೋಡೆ ತಾನಾಗಿ ಸರಿಯುತ್ತಾ?" ಎಂದು ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದೀರಲ್ಲ, ನೀವೇ ಸಾಕು. ಏಳಿ, ಚಪ್ಪಲಿ ಮೆಟ್ಟಿಕೊಳ್ಳಿ.